‘ಲೈಟ್ನಿಂಗ್ ರಾಡ್’ ಅನ್ನುವುದಕ್ಕೆ ಕನ್ನಡದಲ್ಲಿ ಏನಂತೀರಿ?

ಪ್ರಶ್ನೆ: ವೈಟ್‌ಫೀಲ್ಡಿನಲ್ಲಿ ನನ್ನ ಆಫೀಸು. ನಮ್ಮ ಮ್ಯಾನೇಜರ್ ಮೇಡಂ ಮುಂದಿನ ವಾರ ಬಿಟ್ಟು ಹೋಗುತ್ತಿದ್ದಾರೆ. ತಪ್ಪು ನಮ್ಮದಾದರೂ ಮೇಲಿನವರ ಬೈಗುಳವನ್ನೆಲ್ಲ ತಾವೇ ಕೇಳಿಸಿಕೊಂಡು, ನಮ್ಮ ಹೆಸರು ಒಮ್ಮೆಯೂ ಎತ್ತದೆ ಕಾಪಾಡಿದವರು. ಇಂಥವರನ್ನು ಇಂಗ್ಲಿಷಿನಲ್ಲಿ ‘ಲೈಟ್ನಿಂಗ್ ರಾಡ್’ ಅನ್ನುತ್ತಾರಲ್ಲ, ಬೀಳ್ಕೊಡುಗೆಯಲ್ಲಿ ಇದನ್ನು ಕನ್ನಡದಲ್ಲೇ ಹೇಳಬೇಕು. ‘ಸಿಡಿಲಿನ ಕಂಬಿ’ ಅಂದರೆ ಯಾರಿಗೂ ಅರ್ಥ ಆಗುತ್ತಿಲ್ಲ. ‘ಹರಕೆಯ ಕುರಿ’ ಅನ್ನಬಹುದಾ?

ಉತ್ತರ 1: ಹರಕೆಯ ಕುರಿ ಬೇಡವೇ ಬೇಡ. ಕುರಿಯನ್ನು ಬೇರೆಯವರು ಎಳೆದು ತರುತ್ತಾರೆ, ಅದು ತಾನಾಗಿ ಬರುವುದಿಲ್ಲ. ನಿಮ್ಮ ಮೇಡಂ ತಾವಾಗಿಯೇ ಮುಂದೆ ನಿಂತವರು, ಅಲ್ವಾ?

ಉತ್ತರ 2: ಈ ಕಂಬಿ 18ನೇ ಶತಮಾನದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕಂಡುಹಿಡಿದದ್ದು. ಕಟ್ಟಡದ ತುದಿಯಲ್ಲಿ ನಿಂತು ಸಿಡಿಲಿನ ಹೊಡೆತವನ್ನು ತಾನು ತೆಗೆದುಕೊಂಡು, ತಂತಿಯ ಮೂಲಕ ನೆಲಕ್ಕೆ ಇಳಿಸಿಬಿಡುತ್ತದೆ. ಒಳಗಿದ್ದವರು ಸೇಫ್. ಆದರೆ ಒಂದು ಮಾತು, ಇಂಗ್ಲಿಷಿನಲ್ಲಿ ಸುಮ್ನೆ ಜಾಸ್ತಿ ಟೀಕೆಗೆ ಸಿಕ್ಕುವವರಿಗೂ ಹೀಗೇ ಅನ್ನುತ್ತಾರೆ, ಅವರು ಯಾರನ್ನೂ ಕಾಪಾಡದಿದ್ದರೂ.

ಉತ್ತರ 3: ನನಗೆ ತಕ್ಷಣ ನೆನಪಾಗಿದ್ದು ದೃಷ್ಟಿಬೊಂಬೆ. ಬೆಂಗಳೂರಲ್ಲಿ ಕಟ್ಟುತ್ತಿರುವ ಮನೆಗಳ ಮುಂದೆ ನೇತು ಹಾಕಿರುತ್ತಾರಲ್ಲ, ದಾರಿಹೋಕರ ಕಣ್ಣೆಲ್ಲ ಅದರ ಮೇಲೆ ಬಿದ್ದು ಮನೆ ಉಳಿಯಲಿ ಅಂತ. ಕೆಲಸ ಅದೇ. ಆದರೂ ಗೌರವದ ಭಾಷಣದಲ್ಲಿ ಒಬ್ಬರನ್ನು ಬೊಂಬೆ ಅನ್ನಬೇಡಿ, ನೋವಾಗುತ್ತದೆ. ‘ನಮಗೆ ಬೀಳಬೇಕಿದ್ದ ಮಾತಿಗೆಲ್ಲ ನೀವು ಎದೆಯೊಡ್ಡಿದಿರಿ’ ಅನ್ನಿ.

ಪ್ರಶ್ನೆ ಕೇಳಿದವರು: ‘ಎದೆಯೊಡ್ಡಿದಿರಿ’! ಇದೇ ಬೇಕಿತ್ತು. ಬರೆದುಕೊಂಡೆ, ತುಂಬಾ ಥ್ಯಾಂಕ್ಸ್.