ತಾತನ ಯಾಶಿಕಾದಲ್ಲಿ ತೆಗೆದ ಚಿತ್ರಗಳನ್ನು ಯಾರಿಗೆ, ಹೇಗೆ ತೋರಿಸಬೇಕು? – ಅನುಭವ ಹಂಚಿಕೆ

ದಾವಣಗೆರೆಯಿಂದ ಬಂದ ಕೇಳಿಕೆ

ಮಾನ್ಯರೆ, ನಮ್ಮ ತಾತನವರು ಬಳಸುತ್ತಿದ್ದ ಯಾಶಿಕಾ ಮ್ಯಾಟ್ 124ಜಿ ಕ್ಯಾಮೆರಾ (ನೋಡಲು ಮೇಲೊಂದು, ತೆಗೆಯಲು ಕೆಳಗೊಂದು ಲೆನ್ಸ್ ಇರುವ ಟ್ವಿನ್ ಲೆನ್ಸ್ ಬಗೆಯದು) ಈಗ ನನ್ನ ಕೈಗೆ ಬಂದಿದೆ. ಅದರಲ್ಲಿ ಕೆಲವು ರೋಲ್ 120 ಅಳತೆಯ ಕಪ್ಪುಬಿಳುಪು ಫಿಲ್ಮ್ ತೆಗೆದು, ಲ್ಯಾಬಿಗೆ ಕಳುಹಿಸಿ ಸ್ಕ್ಯಾನ್ ಮಾಡಿಸಿದ್ದೇನೆ. ಗೆಳೆಯರಿಗೆ ತೋರಿಸಿದರೆ ‘ಸೂಪರ್’ ಎನ್ನುತ್ತಾರೆ, ಇಲ್ಲವೇ ‘ಇದಕ್ಕಿಂತ ಫೋನೇ ಚೆನ್ನಾಗಿ ಬರುತ್ತದಲ್ಲ’ ಎನ್ನುತ್ತಾರೆ. ಎರಡು ಮಾತಿನಿಂದಲೂ ಮುಂದಿನ ರೋಲ್‌ನಲ್ಲಿ ಏನು ಮಾಡಬೇಕೆಂದು ತಿಳಿಯುವುದಿಲ್ಲ. ರೋಲ್‌ಗೆ ಹನ್ನೆರಡೇ ಚಿತ್ರ, ಖರ್ಚೂ ಕಡಿಮೆಯಲ್ಲ. ಇದೇ ಹವ್ಯಾಸದವರು ಚಿತ್ರಗಳನ್ನು ಹೇಗೆ ಹಂಚಿಕೊಳ್ಳುತ್ತೀರಿ, ಒಬ್ಬರಿಗೊಬ್ಬರು ಏನೆಂದು ಹೇಳಿಕೊಳ್ಳುತ್ತೀರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಮೈಸೂರಿನಿಂದ

‘ಫೋನೇ ಚೆನ್ನ’ ಎಂದವರನ್ನು ನಾನು ಪೂರ್ತಿ ತಪ್ಪೆನ್ನಲಾರೆ, ಏಕೆಂದರೆ ನೀವು ಅವರಿಗೆ ಚಿತ್ರ ತೋರಿಸಿದ್ದು ಅಂಗೈಯಗಲದ ಪರದೆಯ ಮೇಲೆ. ನಿಮ್ಮ ಚೌಕ ನೆಗೆಟಿವ್ ಸುಮಾರು 56 ಮಿ.ಮೀ. ಉದ್ದ, ಅಷ್ಟೇ ಅಗಲ ಇರುತ್ತದೆ. ಸಾಮಾನ್ಯ 35 ಮಿ.ಮೀ. ಫಿಲ್ಮಿನ 24×36 ಮಿ.ಮೀ. ಅಳತೆಯ ಚೌಕಟ್ಟಿಗೆ ಹೋಲಿಸಿದರೆ ಅದರ ವಿಸ್ತೀರ್ಣ ಮೂರೂವರೆ ಪಟ್ಟಿಗಿಂತ ಹೆಚ್ಚು. ಈ ಹೆಚ್ಚಳದ ಫಲ ಕಾಣುವುದು ಗಾರೆಯ ಗೋಡೆಯ ಮೇಲೆ ಇಳಿಬಿಸಿಲು ನೆರಳಿಗೆ ಜಾರುವ ಹದದಲ್ಲಿ, ವಯಸ್ಸಾದವರ ಕೈಗಳ ಸುಕ್ಕಿನಲ್ಲಿ, ಹತ್ತಿ ಬಟ್ಟೆಯ ನೇಯ್ಗೆಯಲ್ಲಿ. ಫೋನಿಗೆ ಇಳಿಸಿ, ಕಳುಹಿಸುವ ಆಪ್ ಅದನ್ನು ಮತ್ತೊಮ್ಮೆ ಕುಗ್ಗಿಸಿದ ಮೇಲೆ ಇವುಗಳಲ್ಲಿ ಯಾವುದೂ ಉಳಿಯುವುದಿಲ್ಲ. ಆದ್ದರಿಂದ ರೋಲ್‌ಗೆ ಒಂದು ಚಿತ್ರವನ್ನಾದರೂ ಹತ್ತು ಇಂಚಿನ ಚೌಕಕ್ಕೆ ಪ್ರಿಂಟ್ ಮಾಡಿಸಿ, ಕಿಟಕಿಯ ಬೆಳಕಿನಲ್ಲಿ ನೋಡುವವರ ಕೈಗೇ ಕೊಡಿ. ಆ ಅಳತೆಗೆ ನಿಮ್ಮ ನೆಗೆಟಿವ್ ನಾಲ್ಕೂವರೆ ಪಟ್ಟು ಹಿಗ್ಗಿದರೆ ಸಾಕು, 35 ಮಿ.ಮೀ. ಫಿಲ್ಮಿನಿಂದ ಅದೇ ಚೌಕ ತೆಗೆಯಬೇಕಾದರೆ ಹತ್ತೂವರೆ ಪಟ್ಟು ಹಿಗ್ಗಿಸಬೇಕಾಗುತ್ತದೆ.

ಇದಕ್ಕಿಂತಲೂ ಮುಖ್ಯವಾದುದು ಕಾಂಟ್ಯಾಕ್ಟ್ ಶೀಟ್, ಅಂದರೆ ಇಡೀ ರೋಲಿನ ನೆಗೆಟಿವ್ ಪಟ್ಟಿಗಳನ್ನು ಹಿಗ್ಗಿಸದೆ ಅದೇ ಅಳತೆಯಲ್ಲಿ ಒಂದೇ ಹಾಳೆಗೆ ಇಳಿಸಿದ ಪ್ರಿಂಟ್. ಮೂರು ಮೂರು ಚೌಕಗಳ ನಾಲ್ಕು ಪಟ್ಟಿಗಳು 8×10 ಇಂಚಿನ ಒಂದೇ ಹಾಳೆಯಲ್ಲಿ ಕೂರುತ್ತವೆ. ಕತ್ತಲೆಕೋಣೆ ಇಲ್ಲದವರು ಸ್ಕ್ಯಾನ್‌ಗಳನ್ನೇ ತೆಗೆದ ಕ್ರಮದಲ್ಲಿ ಜೋಡಿಸಿ ಇಂಥ ಹಾಳೆ ಮಾಡಿಕೊಳ್ಳಬಹುದು. ಆರಿಸಿದ ಒಂದೇ ಚಿತ್ರವನ್ನು ಮುಂದಿಟ್ಟರೆ ನೋಡುವವನು ಹೊಗಳಬೇಕು ಅಥವಾ ತೆಗಳಬೇಕು, ಅವನಿಗೆ ಬೇರೆ ದಾರಿಯಿಲ್ಲ. ಇಡೀ ರೋಲ್ ಮುಂದಿದ್ದಾಗ ಮಾತ್ರ ನೀವು ವಿಷಯದ ಹತ್ತಿರ ಹೇಗೆ ಹೋದಿರಿ, ಎಲ್ಲಿ ಅವಸರಪಟ್ಟಿರಿ, ಯಾವಾಗ ಬಿಟ್ಟುಕೊಟ್ಟಿರಿ ಎಂಬುದು ತಿಳಿದವರಿಗೆ ಕಾಣುತ್ತದೆ. ಪ್ರಶ್ನೆಯನ್ನೂ ಹಾಗೆಯೇ ಕೇಳಬೇಕು. ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ‘ಐದನೆಯ ಚಿತ್ರದಿಂದ ಆರನೆಯದಕ್ಕೆ ಎರಡು ಹೆಜ್ಜೆ ಮುಂದೆ ಹೋಗಿದ್ದೇನೆ, ಅದರಿಂದ ಹಿನ್ನೆಲೆಯಲ್ಲಿ ಏನಾದರೂ ಕೆಟ್ಟಿತೇ?’ ಎಂದು ಕೇಳಿದರೆ ಎದುರಿನವರು ಚಿತ್ರವನ್ನು ನಿಜವಾಗಿ ನೋಡಲೇಬೇಕಾಗುತ್ತದೆ. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ), ಶಟರ್ ವೇಗ, ಹೊತ್ತು, ಬೆಳಕು ಬಂದ ದಿಕ್ಕು, ಇಷ್ಟನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರೆ ಮಾತು ಇನ್ನಷ್ಟು ಫಲಕಾರಿಯಾಗುತ್ತದೆ.

ಉಡುಪಿಯಿಂದ

ಮೈಸೂರಿನವರ ಮಾತಿಗೆ ಒಂದು ಷರತ್ತು ಸೇರಿಸುತ್ತೇನೆ. ಹಳೆಯ ಕ್ಯಾಮೆರಾದ ಚಿತ್ರಗಳ ಬಗ್ಗೆ ಅಭಿಪ್ರಾಯ ಕೇಳುವ ಮೊದಲು ದೋಷ ಕಣ್ಣಿನದೋ ಯಂತ್ರದ್ದೋ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು, ಇಲ್ಲವಾದರೆ ಕ್ಯಾಮೆರಾದ ತಪ್ಪಿಗೆ ಹೊಸಬರು ಮನಸ್ಸು ಕೆಡಿಸಿಕೊಳ್ಳುತ್ತಾರೆ. ಫಿಲ್ಮ್ ಇಲ್ಲದಿರುವಾಗ ಹಿಂಬಾಗಿಲು ತೆರೆದು, ಅಪರ್ಚರನ್ನು ಪೂರ್ತಿ ತೆರೆದು 3.5ಕ್ಕೆ ಇಟ್ಟು, ಶಟರನ್ನು ‘ಬಿ’ಯಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತು ತೆರೆದೇ ಇರುವಂತೆ) ಹಿಡಿದು, ಕೆಳಗಿನ ಲೆನ್ಸಿನ ಮೂಲಕ ಟಾರ್ಚ್ ಬೆಳಕು ಹಾಯಿಸಿ ನೋಡಿ. ಜೇಡನ ನೂಲಿನಂಥ ಎಳೆಗಳು ಕಂಡರೆ ಅದು ಫಂಗಸ್. ಬೆಳ್ಳನೆಯ ಮಂಜು ಕಂಡರೆ ಚಿತ್ರಗಳು ಸಪ್ಪೆಯಾಗಿ ಬರುವುದಕ್ಕೆ ಅದೇ ಕಾರಣವಿರಬಹುದು, ಫಿಲ್ಮಿಗೆ ನೀವು ಕೊಟ್ಟ ಬೆಳಕನ್ನು, ಅಂದರೆ ಎಕ್ಸ್‌ಪೋಶರನ್ನು ದೂರಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲ ಚರ್ಮದ ಕೇಸಿನೊಳಗೆ ಮುಚ್ಚಿಟ್ಟರೆ ಲೆನ್ಸಿಗೆ ಇದು ತಪ್ಪಿದ್ದಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ತೇವಾಂಶ ಶೇ. 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಚರ್ಮದ ಕೇಸನ್ನು ಬೇರೆಯಾಗಿಯೇ ಇಡಿ.

ಇನ್ನು ಒಂದು ಸೆಕೆಂಡು, ಅರ್ಧ ಸೆಕೆಂಡಿನ ನಿಧಾನ ವೇಗಗಳು. ವರ್ಷಗಟ್ಟಲೆ ಬಳಸದ ಶಟರಿನಲ್ಲಿ ಎಣ್ಣೆ ಅಂಟಾಗಿ ಅವು ಎಳೆದಾಡುತ್ತವೆ, ಕೆಲವೊಮ್ಮೆ ನಡುವೆಯೇ ನಿಂತುಬಿಡುತ್ತವೆ. 124ಜಿಯ ಬೆಳಕು ಅಳೆಯುವ ಮೀಟರನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದು 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಹೊಂದಿಸಿದ್ದು, ಆ ಬ್ಯಾಟರಿಯ ತಯಾರಿಕೆ ನಿಂತುಹೋಗಿದೆ. ಅದೇ ಗಾತ್ರದ 1.5 ವೋಲ್ಟಿನದನ್ನು ಹಾಕಿದರೆ ಮುಳ್ಳು ಓಡಾಡುತ್ತದೆ ನಿಜ, ಆದರೆ ತೋರಿಸುವ ಲೆಕ್ಕ ತಪ್ಪಬಹುದು. ಫೋನಿನ ಲೈಟ್ ಮೀಟರ್ ಆಪ್ ಇಲ್ಲಿ ಧಾರಾಳವಾಗಿ ಸಾಕು. ಫೋನನ್ನು ಹೊಗಳಿದ ನಿಮ್ಮ ಗೆಳೆಯರಿಗೂ ಸಮಾಧಾನವಾದೀತು.

ಕಲಬುರಗಿಯಿಂದ

ಖರ್ಚಿನ ಮಾತು ಬಂದಿತಾದ್ದರಿಂದ ಎರಡೇ ಮಾತು. ಕಪ್ಪುಬಿಳುಪು ಫಿಲ್ಮನ್ನು ಮನೆಯಲ್ಲೇ ಡೆವಲಪ್ ಮಾಡಿಕೊಳ್ಳಿ. ಒಂದು ಟ್ಯಾಂಕ್, ಥರ್ಮಾಮೀಟರ್, ಚಿತ್ರ ಮೂಡಿಸುವ ಡೆವಲಪರ್, ಅದನ್ನು ಉಳಿಸುವ ಫಿಕ್ಸರ್ ಇಷ್ಟಿದ್ದರೆ ಕೆಲಸ ನಡೆಯುತ್ತದೆ, ಫಿಲ್ಮನ್ನು ಸ್ಪೂಲಿಗೆ ಏರಿಸುವಾಗ ಮಾತ್ರ ಪೂರ್ತಿ ಕತ್ತಲೆ ಬೇಕು. ಎಚ್‌ಪಿ5 ಪ್ಲಸ್ ಎಂಬ ಕಪ್ಪುಬಿಳುಪು ಫಿಲ್ಮಿಗೆ ಡಿ-76 ಎಂಬ ಡೆವಲಪರನ್ನು ಸಮಪಾಲು ನೀರು ಬೆರೆಸಿ ಬಳಸಿದರೆ 20 ಡಿಗ್ರಿಯಲ್ಲಿ 11 ನಿಮಿಷ ಎಂದು ತಯಾರಕರ ಪಟ್ಟಿ ಹೇಳುತ್ತದೆ. ನಮ್ಮ ಕಡೆ ನಲ್ಲಿಯಲ್ಲಿ 20 ಡಿಗ್ರಿಯ ನೀರು ಬರುವ ದಿನಗಳು ಬಹಳ ಕಡಿಮೆ. ಒಂದೊಂದು ಡಿಗ್ರಿ ಏರಿದಂತೆ ಸಮಯವನ್ನು ಸುಮಾರು ಹತ್ತನೆಯ ಒಂದು ಪಾಲು ಇಳಿಸುತ್ತಾ ಹೋಗಬೇಕು, ಅಂದರೆ 24 ಡಿಗ್ರಿಯಲ್ಲಿ ಏಳೂವರೆ ನಿಮಿಷದ ಆಸುಪಾಸು. ಸಮಯ ಐದು ನಿಮಿಷಕ್ಕಿಂತ ಕೆಳಗಿಳಿದರೆ ಆಕಾಶದ ಭಾಗದಲ್ಲಿ ಪಟ್ಟೆಗಳು ಮೂಡುವ ಸಂಭವವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಡೆವಲಪರಿನ ಬಾಟಲಿಯನ್ನು ಮಂಜುಗಡ್ಡೆಯ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ ತಣಿಸಿಕೊಳ್ಳುವುದೇ ಸರಿಯಾದ ದಾರಿ.

ಬೆಂಗಳೂರಿನಿಂದ

ಮೈಸೂರಿನ ಮಿತ್ರರು ಹೇಳಿದ ಕಾಂಟ್ಯಾಕ್ಟ್ ಶೀಟಿನ ವಿಚಾರವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಒಬ್ಬಿಬ್ಬರು ನಂಬುಗೆಯವರಿಗೆ ಇಡೀ ರೋಲ್ ತೋರಿಸುವುದು ಸರಿ, ಹತ್ತಾರು ಜನರ ಮುಂದೆ ಅದನ್ನು ಬಿಚ್ಚುವುದು ಬೇಡ. ಹೆಚ್ಚು ಜನರಿದ್ದಲ್ಲಿ ಮಾತು ಬಹುಬೇಗ ಲೆನ್ಸಿನ ಬೆಲೆಗೆ, ಯಾವ ಫಿಲ್ಮ್ ಉತ್ತಮ ಎಂಬ ವಾದಕ್ಕೆ ತಿರುಗುತ್ತದೆ, ಚಿತ್ರ ಬದಿಗೆ ಸರಿಯುತ್ತದೆ.

ಈ ಊರಿನಲ್ಲಿ ಪ್ರಿಂಟ್‌ಗಳನ್ನು ಕಲೆತು ನೋಡುವ ಪರಂಪರೆ ಹಳೆಯದು. 1971ರಲ್ಲಿ ಆರಂಭವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇಂದಿಗೂ ನಡೆಯುತ್ತಿದೆ. ಸಿ. ರಾಜಗೋಪಾಲ್, ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯ ಛಾಯಾಗ್ರಾಹಕರ ಕಾಲದಲ್ಲಿ ಪ್ರಿಂಟ್‌ಗಳು ಅಂಚೆಯಲ್ಲಿ ದೇಶವಿದೇಶಗಳ ಛಾಯಾಚಿತ್ರ ಸ್ಪರ್ಧಾ ಪ್ರದರ್ಶನಗಳಿಗೆ, ಅಂದರೆ ಸಲೋನ್‌ಗಳಿಗೆ ಹೋಗಿ, ಬಹುಮಾನವೋ ನಿರಾಕರಣೆಯೋ ಹೊತ್ತು ಮರಳುತ್ತಿದ್ದವು. ಸಲೋನ್ ಶಿಸ್ತನ್ನು ಕಲಿಸುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ತೀರ್ಪುಗಾರರ ಅಂಕದಿಂದ ಮುಂದಿನ ರೋಲ್‌ಗೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ, ಮತ್ತು ನೀವು ಕೇಳಿರುವುದು ಅದನ್ನೇ.

ನಮ್ಮದೊಂದು ಸಣ್ಣ ಬಳಗವಿದೆ. ಪ್ರತಿಯೊಬ್ಬರೂ ಒಂದು ಪ್ರಿಂಟ್ ಹಾಕಿದ ಪೆಟ್ಟಿಗೆ ಅಂಚೆಯಲ್ಲಿ ಊರಿಂದೂರಿಗೆ ಸುತ್ತುತ್ತದೆ. ಪ್ರತಿ ಪ್ರಿಂಟಿನ ಹಿಂದೆ ಒಂದು ಹಾಳೆಯಿದ್ದು, ತಲುಪಿದವರು ಅದರಲ್ಲಿ ಕೈಯಿಂದಲೇ ಬರೆಯಬೇಕು. ನಾವು ಹಾಕಿಕೊಂಡ ನಿಯಮ ಇಷ್ಟೇ: ಮೊದಲ ವಾಕ್ಯದಲ್ಲಿ ಚಿತ್ರದಲ್ಲಿ ಕಣ್ಣು ಮೊದಲು ಎಲ್ಲಿ ನಿಂತಿತು ಎಂಬುದನ್ನು ಬರೆಯಬೇಕು, ಎರಡನೆಯದರಲ್ಲಿ ಅಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು. ಹೊಗಳಿಕೆ, ಸಲಹೆ ಏನಿದ್ದರೂ ಆಮೇಲೆ. ಕಣ್ಣು ಮುಖದ ಮೇಲೆ ನಿಲ್ಲುತ್ತದೆ ಎಂದು ತಾನು ಅಂದುಕೊಂಡಿದ್ದಾಗ, ಐವರಲ್ಲಿ ನಾಲ್ವರ ಕಣ್ಣು ಹಿಂದಿನ ಬಿಳಿ ಬಕೆಟ್ಟಿನ ಮೇಲೆ ನಿಂತಿತೆಂದು ಓದಿದವನಿಗೆ ಬೇರೆ ಟೀಕೆ ಬೇಕಾಗುವುದಿಲ್ಲ. ಕಣ್ಣು ಮುಖದಲ್ಲೇ ನಿಂತಿದ್ದರೆ ಅದೇ ಸಾಕಷ್ಟು ಪ್ರೋತ್ಸಾಹ.

ಟ್ವಿನ್ ಲೆನ್ಸ್ ಕ್ಯಾಮೆರಾದವರಿಗೆ ನಮ್ಮ ಹಾಳೆಗಳಲ್ಲಿ ಮತ್ತೆ ಮತ್ತೆ ಬರುವ ಮಾತೊಂದಿದೆ. ನೀವು ತಲೆ ಬಗ್ಗಿಸಿ, ಹೊಟ್ಟೆಯ ಎತ್ತರದಲ್ಲಿ ಕ್ಯಾಮೆರಾ ಹಿಡಿದು ನೋಡುತ್ತೀರಿ. ನಿಂತವರೆಲ್ಲ ಸ್ವಲ್ಪ ಕೆಳಗಿನಿಂದ ಕಾಣುತ್ತಾರೆ, ಗಲ್ಲ ದೊಡ್ಡದಾಗುತ್ತದೆ, ಹಿನ್ನೆಲೆಯಲ್ಲಿ ನೆಲಕ್ಕಿಂತ ಆಕಾಶ ಹೆಚ್ಚು ಬರುತ್ತದೆ. ಕುಳಿತವರನ್ನು, ಮಕ್ಕಳನ್ನು ತೆಗೆಯುವಾಗ ಇದೇ ಎತ್ತರ ವರವಾಗುತ್ತದೆ. ನೋಡುಗಾಜಿನಲ್ಲಿ ಎಡಬಲ ಅದಲುಬದಲಾಗಿ ಕಾಣುವುದಂತೂ ಅಭ್ಯಾಸದಿಂದಲೇ ಕೈಗೆ ಹತ್ತಬೇಕು. ಒಂದು ಮೀಟರ್ ದೂರದಷ್ಟು ಹತ್ತಿರದಲ್ಲಿ ತೆಗೆಯುವಾಗ ನೋಡುವ ಲೆನ್ಸ್ ಮೇಲೆ, ತೆಗೆಯುವ ಲೆನ್ಸ್ ಕೆಳಗೆ ಇರುವುದರಿಂದ ತಲೆಯ ಮೇಲೆ ಜಾಗ ಬಿಟ್ಟೇ ಚೌಕಟ್ಟು ಕಟ್ಟಿ.

ಇನ್ನೊಂದು ಸೂಚನೆ. ತಾತನವರ ಕ್ಯಾಮೆರಾ ಸಿಕ್ಕಿದ ಕಪಾಟಿನಲ್ಲಿ ಅವರ ನೆಗೆಟಿವ್‌ಗಳೂ ಇರಬಹುದು, ಹುಡುಕಿ. ನಮ್ಮ ಕಡೆಯ ಅನೇಕ ಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಕೂಡ ಇದೇ 120 ಫಿಲ್ಮಿನಲ್ಲಿ ಇಂಥವೇ ಹನ್ನೆರಡು ಚೌಕಗಳನ್ನು ಕೊಡುತ್ತಿತ್ತು, ಮತ್ತು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಹೆಸರಿನ ಫಿಲ್ಮ್ ಆಗ ಬಳಕೆಯಲ್ಲಿತ್ತು. ಅವರ ಒಂದು ಚಿತ್ರವನ್ನೂ ನಿಮ್ಮ ಒಂದನ್ನೂ ಒಂದೇ ಅಳತೆಗೆ ಪ್ರಿಂಟ್ ಮಾಡಿಸಿ ಮನೆಯವರ ಮುಂದೆ ಇಟ್ಟು ನೋಡಿ. ಛಾಯಾಗ್ರಹಣದ ಗಂಧವಿಲ್ಲದವರೂ ಅಂಥ ಜೋಡಿಯ ಬಗ್ಗೆ ಬಹಳ ನಿಖರವಾಗಿ ಮಾತನಾಡುತ್ತಾರೆ, ಏಕೆಂದರೆ ಅಲ್ಲಿರುವ ಜನರನ್ನೂ ಅಂಗಳವನ್ನೂ ಅವರು ಬಲ್ಲರು.

ದಾವಣಗೆರೆಯಿಂದ ಮತ್ತೆ

ಎಲ್ಲರಿಗೂ ನಮಸ್ಕಾರಗಳು. ಟಾರ್ಚ್ ಹಾಯಿಸಿ ನೋಡಿದೆ, ಲೆನ್ಸ್ ಶುಭ್ರವಾಗಿದೆ. ಒಂದು ಸೆಕೆಂಡಿನ ವೇಗ ಮಾತ್ರ ಎಳೆದಾಡುತ್ತಿದೆ. ಬೆಂಗಳೂರಿನ ಹಿರಿಯರ ಪೆಟ್ಟಿಗೆಗೆ ನನ್ನದೊಂದು ಪ್ರಿಂಟ್ ಸೇರಿಸಬಹುದೇ? ನೆಗೆಟಿವನ್ನೂ ಜೊತೆಗೆ ಕಳುಹಿಸಬೇಕೇ?

ಬೆಂಗಳೂರಿನಿಂದ

ಧಾರಾಳವಾಗಿ ಸೇರಿಸಿ. ಒಂದು ಸೆಕೆಂಡಿನ ವೇಗವನ್ನು ಸದ್ಯಕ್ಕೆ ಮುಟ್ಟದಿದ್ದರಾಯಿತು, ಬಿಸಿಲಿನ ಕೆಲಸಕ್ಕೆ ಅದು ಬೇಕಾಗುವುದಿಲ್ಲ. ನೆಗೆಟಿವ್ ಕಳುಹಿಸಬೇಡಿ, ಅದನ್ನು ಎಂದಿಗೂ ಅಂಚೆಗೆ ಹಾಕಬಾರದು. ಪ್ರಿಂಟಿನ ಎರಡೂ ಬದಿಗೆ ದಪ್ಪ ರಟ್ಟು ಕೊಟ್ಟು, ಮೂಲೆಗಳಿಗೆ ಕಾಗದದ ಹಿಡಿಕೆ ಹಾಕಿ, ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆಯದೆ ಮೆತ್ತನೆಯ ಪೆನ್ಸಿಲಿನಲ್ಲಿ ಸ್ಥಳ, ತಿಂಗಳು, ಫಿಲ್ಮ್ ಇಷ್ಟನ್ನು ಬರೆದು ಕಳುಹಿಸಿ. ಶೀರ್ಷಿಕೆ ಬೇಡ, ಶೀರ್ಷಿಕೆ ಓದಿದ ಮೇಲೆ ನಮ್ಮವರ ಕಣ್ಣು ಅದು ಹೇಳಿದ ಕಡೆಗೇ ಹೋಗಿಬಿಡುತ್ತದೆ.