ಬೂಟ್ ಆದಾಗ ನೆಟ್‌ವರ್ಕ್ ತಾನಾಗಿ ಬರದಿರುವುದರ ಬಗ್ಗೆ

ಚಿಕ್ಕಪ್ಪ, ಡೆಬಿಯನ್ (ಒಂದು ಬಗೆಯ ಲಿನಕ್ಸ್) ಹಾಕಿರುವ ಕಂಪ್ಯೂಟರಿಗೆ ಹೊಸ ಎಸ್‌ಎಸ್‌ಡಿ ಕಾರ್ಡ್ ಕೂರಿಸಿದ ಮೇಲೆ ನೆಟ್‌ವರ್ಕ್ ತಾನಾಗಿ ಬರುತ್ತಿಲ್ಲ, ಪ್ರತಿ ಸಲವೂ ರೂಟರಿನಿಂದ ನೆಟ್‌ವರ್ಕ್ ವಿಳಾಸ ಕೇಳುವ ಡಿಎಚ್‌ಕ್ಲೈಂಟ್ ಕಮಾಂಡನ್ನು ಕೈಯಾರೆ ಕೊಟ್ಟರೆ ಮಾತ್ರ ಬರುತ್ತದೆ ಎಂದು ನೀವು ಗುಂಪಿನಲ್ಲಿ ಬರೆದದ್ದನ್ನು ನೋಡಿದೆ. ಆ ಕೊನೆಯ ಮಾತಿನಲ್ಲೇ ಅರ್ಧ ಉತ್ತರವಿದೆ. ಕೈಯಾರೆ ಕೇಳಿದಾಗ ವಿಳಾಸ ಸಿಗುತ್ತಿದೆಯೆಂದರೆ ಕೇಬಲ್, ರೂಟರ್, ಡ್ರೈವರ್ ಮೂರೂ ಸರಿಯಾಗಿವೆ. ಹಾಗಾಗಿ ಯಾರು ಹೇಳಿದರೂ ಡ್ರೈವರನ್ನು ಮತ್ತೆ ಹಾಕುವ ಗೋಜಿಗೆ ಹೋಗಬೇಡಿ.

ಬಹುಮಟ್ಟಿಗೆ ಇಂಟರ್‌ಫೇಸಿನ (ಅಂದರೆ ನೆಟ್‌ವರ್ಕ್ ಪೋರ್ಟಿನ) ಹೆಸರು ಬದಲಾಗಿದೆ. ಹಿಂದೆ ಇಟಿಎಚ್0 ಎಂದಿರುತ್ತಿದ್ದ ಹೆಸರನ್ನು ಈಗ ಬೂಟ್ ಕೆಲಸ ನೋಡಿಕೊಳ್ಳುವ ಸಿಸ್ಟಮ್‌ಡಿ, ನೆಟ್‌ವರ್ಕ್ ಕಾರ್ಡ್ ಯಾವ ಜಾಗದಲ್ಲಿದೆ ಎಂಬುದನ್ನು ನೋಡಿ ಕೊಡುತ್ತದೆ: ಇಎನ್‌ಪಿ3ಎಸ್0 ಎಂಬುದರಲ್ಲಿ ಇಎನ್ ಈಥರ್ನೆಟ್, ಪಿ3 ಕಾರ್ಡುಗಳನ್ನು ಜೋಡಿಸುವ ಪಿಸಿಐ ಬಸ್ಸಿನ ಸಂಖ್ಯೆ, ಎಸ್0 ಸ್ಲಾಟು. ಹೊಸ ಎಸ್‌ಎಸ್‌ಡಿ ಕಾರ್ಡ್ ಬಂದಾಗ ಬಸ್ ಸಂಖ್ಯೆಗಳು ಒಂದೊಂದು ಮುಂದೆ ಸರಿಯಬಹುದು; ಆಗ ಮುಟ್ಟದೇ ಇದ್ದ ನೆಟ್‌ವರ್ಕ್ ಪೋರ್ಟೂ ಇಎನ್‌ಪಿ4ಎಸ್0 ಆಗಿಬಿಡುತ್ತದೆ. ಸೆಟ್ಟಿಂಗ್ ಫೈಲು ಮಾತ್ರ ಹಳೆಯ ಹೆಸರನ್ನೇ ಕರೆಯುತ್ತಾ ಕೂತಿರುತ್ತದೆ.

ಟರ್ಮಿನಲ್ಲಿನಲ್ಲಿ ಐಪಿ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು ಲಿಂಕ್ ಎಂದು ಕೊಟ್ಟರೆ ಈಗಿನ ಹೆಸರು ಕಾಣಿಸುತ್ತದೆ. ಅದನ್ನು ಇಟಿಸಿಯೊಳಗಿನ ನೆಟ್‌ವರ್ಕ್ ಫೋಲ್ಡರಿನ ಇಂಟರ್‌ಫೇಸಸ್ ಫೈಲಿನಲ್ಲಿರುವ ಹೆಸರಿನೊಡನೆ ಹೋಲಿಸಿ. ಅಲ್ಲಿ ಹೆಸರು ಎರಡು ಕಡೆ ಬರುತ್ತದೆ, ಆಟೋ ಎಂಬ ಸಾಲಿನಲ್ಲಿ ಮತ್ತು ಐಫೇಸ್ ಎಂಬ ಸಾಲಿನಲ್ಲಿ, ಎರಡನ್ನೂ ತಿದ್ದಬೇಕು. ಐಫೇಸ್ ಒಂದನ್ನೇ ತಿದ್ದಿದರೆ ಇಂಟರ್‌ಫೇಸನ್ನು ಚಾಲೂ ಮಾಡುವ ಐಫಪ್ ಕಮಾಂಡನ್ನು ಕೈಯಾರೆ ಕೊಟ್ಟಾಗ ಕೆಲಸ ಮಾಡುತ್ತದೆ, ಬೂಟ್ ಆದಾಗ ಮತ್ತೆ ಅದೇ ಕಥೆ. ಕೇಬಲನ್ನು ಆಗಾಗ ತೆಗೆದಿಡುವ ಅಭ್ಯಾಸವಿದ್ದರೆ ಆಟೋ ಬದಲು ಅಲೋ ಹಾಟ್‌ಪ್ಲಗ್ ಎಂದು, ನಡುವೆ ಅಡ್ಡಗೆರೆಯೊಂದಿಗೆ ಬರೆಯುವುದು ಒಳ್ಳೆಯದು, ಏಕೆಂದರೆ ಆಟೋ ಇದ್ದಾಗ ವಿಳಾಸ ಸಿಗದಿದ್ದರೆ ಬೂಟ್ ಸುಮ್ಮನೆ ಕಾಯುತ್ತಾ ನಿಲ್ಲುತ್ತದೆ.

ಇನ್ನೊಂದು ವಿಷಯ. ಈ ಫೈಲಿನಲ್ಲಿ ಹೆಸರಿರುವ ಇಂಟರ್‌ಫೇಸನ್ನು ಡೆಬಿಯನ್ನಿನ ನೆಟ್‌ವರ್ಕ್ ಮ್ಯಾನೇಜರ್ (ಪರದೆಯ ಮೂಲೆಯ ನೆಟ್‌ವರ್ಕ್ ಐಕಾನಿನ ಹಿಂದಿರುವ ಪ್ರೋಗ್ರಾಂ) ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದ್ದರಿಂದ ನೀವು ಆ ಐಕಾನಿನಿಂದಲೇ ಎಲ್ಲವನ್ನೂ ನೋಡಿಕೊಳ್ಳುವವರಾದರೆ ಫೈಲಿನಲ್ಲಿ ಆ ಪೋರ್ಟಿಗೆ ಸಂಬಂಧಿಸಿದ ಸಾಲುಗಳನ್ನು ತೆಗೆದುಬಿಡುವುದೇ ವಾಸಿ, ಲೋ ಎಂಬ ಲೂಪ್‌ಬ್ಯಾಕಿನ (ಕಂಪ್ಯೂಟರ್ ತನ್ನೊಡನೆ ತಾನೇ ಮಾತಾಡುವ ದಾರಿಯ) ಸಾಲುಗಳು ಮಾತ್ರ ಹಾಗೇ ಇರಲಿ. ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿಗೆ ನೆಟ್ ಡಾಟ್ ಐಫ್‌ನೇಮ್ಸ್ ಈಕ್ವಲ್ 0 ಎಂದು ಕೊಟ್ಟು ಹಳೆಯ ಹೆಸರಿಗೆ ಮರಳುವ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಪೋರ್ಟ್ ಒಂದೇ ಇದ್ದರೆ ನಡೆದೀತು, ಎರಡಿದ್ದರೆ ಯಾವುದು ಇಟಿಎಚ್0, ಯಾವುದು ಇಟಿಎಚ್1 ಎಂಬ ಖಾತ್ರಿ ಇರುವುದಿಲ್ಲ, ನನಗಂತೂ ಅದು ಹಿಡಿಸುವುದಿಲ್ಲ.

ತಿದ್ದುವ ಮೊದಲು ಫೈಲಿನ ಒಂದು ನಕಲು ಇಟ್ಟುಕೊಳ್ಳಿ, ಆಮೇಲೆ ರೀಬೂಟ್ ಮಾಡಿ. ಆಗಲೂ ಬರದಿದ್ದರೆ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ನೆಟ್‌ವರ್ಕಿಂಗ್ ಎಂದು ಕೊಟ್ಟು, ಅಲ್ಲಿ ಕಾಣುವ ಸಾಲುಗಳ ಫೋಟೊವನ್ನು ಇಲ್ಲೇ ಹಾಕಿ, ನೋಡುತ್ತೇನೆ.