ಸಹಾಯ ಬೇಕು: ಏರ್ ರೈಫಲ್ ಸ್ಕೋಪಿನ (ಗುರಿ ನೋಡೋ ದುರ್ಬೀನು) ಟರೆಟ್ (ಗುರಿ ಹೊಂದಿಸೋ ತಿರುಪು) ಪೂರ್ತಿ ತಿರುಗಿಸಿದ್ರೂ ಪೆಲೆಟ್ ಎಡಕ್ಕೇ ಬೀಳ್ತಾವ

ನಮಸ್ಕಾರ್ರಿ, ನಂದು ಗಂಗಾವತಿ. 0.177 ಇಂಚಿನ ಸ್ಪ್ರಿಂಗ್ ಏರ್ ರೈಫಲ್ ಐತಿ, ಬ್ಯಾರಲ್ ಮಡಚಿ ಪೆಲೆಟ್ ಹಾಕೋದು. ಶಿಕಾರಿಗಲ್ರಿ (ಅದು ಕಾಯ್ದೆ ಪ್ರಕಾರ ಬಂದ್ ಐತಿ), ಪೇಪರ್ ಟಾರ್ಗೆಟ್‌ಗೆ.

ಹೊಸಾ ಸ್ಕೋಪ್ ಕೂಡಿಸೀನಿ. 20 ಮೀಟರ್‌ಗೆ ನಾಕು ಬೆರಳು ಎಡಕ್ಕ ಹೊಡಿತೈತಿ. ಪಕ್ಕದ (ಎಡ-ಬಲದ) ಟರೆಟ್ ಕೊನಿ ಮುಟ್ಟೇತಿ, ಇನ್ನ ತಿರುಗವಲ್ದು. ಗಾಳಿ ಅನ್ನಂಗಿಲ್ಲ, ಹೊಡ್ಯೋದು ರೈಸ್ ಮಿಲ್ಲಿನ ಖಾಲಿ ಗೋಡೌನ್‌ನಾಗ, ಭತ್ತದ ಚೀಲದ ಮ್ಯಾಲ ಕೈ ಊರಿ. ಪೆಲೆಟ್ ಬೀಳೋ ಗುಂಪು ಮಾತ್ರ ಚೊಲೋ, ಎಲ್ಲಾ ರೂಪಾಯಿ ನಾಣ್ಯದಷ್ಟು ಜಾಗದಾಗ.

ರೈಫಲ್ ಮ್ಯಾಲಿನ 11 ಎಂಎಂ ರೈಲ್ (ಸ್ಕೋಪ್ ಕೂಡಿಸೋ ಪಟ್ಟಿ) ಒರೆಸಿ, ಸ್ಕೋಪ್ ಹಿಡಿಯೋ ರಿಂಗ್ ಮತ್ತ ಬಿಗಿದೆ. ಸ್ಕೋಪ್ ಜಾರದಂಗ ತಡಿಯೋ ಸ್ಟಾಪ್ ಪಿನ್ ಐತಿ, ಸ್ಕೋಪ್ ಸರಿದಿಲ್ಲ. ಹಿಂದಿನ ರಿಂಗ್ ಉಲ್ಟಾ ಹಾಕಿದ ಮ್ಯಾಲ ಎರಡು ಬೆರಳಿಗೆ ಇಳೀತು, ಅಷ್ಟ. ಇಲ್ಲೇ ತಲಿ ಕೆಟ್ಟೇತಿ: ತಪ್ಪೆಲ್ಲಾ ರಿಂಗಿಂದಿದ್ರ ಬಲಕ್ಕ ಹೋಗ್ಬೇಕಿತ್ತು, ಬ್ಯಾರಲಿಂದಿದ್ರ ಏನೂ ಬದಲಾಗಬಾರ್ದಿತ್ತು.

ಗೆಳೆಯ ಒಬ್ಬ ಕೂಲ್‌ಡ್ರಿಂಕ್ ಡಬ್ಬಿ ತಗಡು ಕತ್ತರಿಸಿ ರಿಂಗಿನೊಳಗ ಹಾಕು ಅಂದ. ಸ್ಕೋಪಿನ ಕೆಳಗ ಹಾಕಿದ್ರ ಮ್ಯಾಲ-ಕೆಳಗ ಆಗ್ತೈತಿ, ಎಡ-ಬಲ ಹೆಂಗ ಸರಿ ಆಗ್ತೈತ್ರಿ?

ಬಲ್ಲವರು ಹೇಳ್ರಿ: ಎಡ-ಬಲ ಹೊಂದಿಸೋ ಮೌಂಟ್ (ರಿಂಗ್ ಸೆಟ್) ತಗೊಳ್ಳೋದೋ, ಮೊದ್ಲ ಬ್ಯಾರಲ್ ಕೀಲು ಸಡಿಲೈತೇನು ನೋಡೋದೋ? ಕೀಲು ಮನಿಯಾಗ ಹೆಂಗ ಚೆಕ್ ಮಾಡೋದು?